ಹೊನ್ನಾಳಿ ಸೀಸೆ, ಚನ್ನಗಿರಿ ಸಪ್ಪೆ

ಮೂರ್ಛೆ ಬಿದ್ದವರ ಕೈಯಲ್ಲಿ ಕಬ್ಬಿಣ ಹಿಡಿಸಬೇಕೆಂಬುದು ಜಗಳೂರಿನವರ ವೈದ್ಯಶಾಸ್ತ್ರ. ನಾನು ಮೊದಲ ಸಲ ಬಿದ್ದದ್ದು ಅಲ್ಲಿಯೇ, ಹದಿಮೂರನೇ ವಯಸ್ಸಿನಲ್ಲಿ, ಸಂತೆಯ ನಟ್ಟನಡುವೆ, ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿ. ಕಣ್ಣು ಬಿಟ್ಟಾಗ ಎರಡೂ ಮುಷ್ಟಿಯಲ್ಲಿ ಬೀಗದ ಕೈಗಳ ಗೊಂಚಲು, ಎದೆಯ ಮೇಲೊಂದು ಕುಡುಗೋಲು, ಕಾಲ ಹತ್ತಿರ ನೇಗಿಲ ಗುಳ, ಮೂಗಿನ ಮುಂದೆ ಯಾರದೋ ಚಪ್ಪಲಿ. ಆ ಮಧ್ಯಾಹ್ನ ಅರ್ಧ ಊರು ತನ್ನ ಮನೆಯ ಬೀಗ ತೆಗೆಯಲಾಗದೆ ಜಗಲಿಯ ಮೇಲೆ ಕೂತಿತ್ತೆಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಅದರಲ್ಲಿ ಸ್ವಲ್ಪ ಸುಳ್ಳು ಸೇರಿದೆ. ಗುಳ ಇರಲಿಲ್ಲ. ಚಪ್ಪಲಿ ಮಾತ್ರ ಸತ್ಯ. ಅದರ ಯಜಮಾನ ಜನ್ಮದಲ್ಲಿ ಕಾಲು ತೊಳೆದವನಲ್ಲ.

ಬಿದ್ದದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ. ಬೀಳುವ ಹೊತ್ತಿನಲ್ಲಿ ನಾನು ಅಲ್ಲಿ ಇರುವುದೇ ಇಲ್ಲ. ನಾಚಿಕೊಳ್ಳುವುದಿದ್ದರೆ ಸುತ್ತ ನಿಂತು ನೋಡಿದವರು ನಾಚಿಕೊಳ್ಳಲಿ. ಅವ್ವ ಮಾತ್ರ ನಾಲ್ಕು ದಿನ ಹೊರಗೆ ಬರಲಿಲ್ಲ.

ಅಪ್ಪ ಶಾಲೆಯ ಮೇಷ್ಟ್ರು. ಮುಂದಿನ ವರ್ಷ ಅವರಿಗೆ ನ್ಯಾಮತಿಗೆ ವರ್ಗವಾಯಿತು. ಅವರು ಪಾಠ ಮಾಡುವ ಮಿಡ್ಲ್ ಸ್ಕೂಲಿನಲ್ಲಿಯೇ ನಾನೂ ಓದತೊಡಗಿದೆ. ಇಡೀ ಶಾಲೆಗೆ ನಾವು ಹುಡುಗಿಯರು ನಾಲ್ಕೇ ಜನ. ಉಳಿದ ಮೂವರು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿದ್ದುದರಿಂದ ನಾಲ್ವರ ಸದ್ದನ್ನೂ ನಾನೊಬ್ಬಳೇ ಮಾಡಬೇಕಾಗುತ್ತಿತ್ತು. ಅಲ್ಲಿ ಒಂದೇ ತಿಂಗಳಲ್ಲಿ ಮೂರು ಸಲ ಬಿದ್ದೆ. ಮೂರನೆಯ ಸಲ ಹೆಡ್‌ಮೇಷ್ಟ್ರ ಮೇಜಿನ ಮೇಲಿದ್ದ ಶಾಯಿಯ ದೌತಿಯನ್ನೂ ಜೊತೆಗೆ ಕರೆದುಕೊಂಡು ಬಿದ್ದೆ. ಅವರ ಬಿಳಿ ಪಂಚೆ ನೀಲಿಯಾದ ಮೇಲೆ ಅಪ್ಪ ನನ್ನನ್ನು ಹೊನ್ನಾಳಿಗೆ ಕರೆದುಕೊಂಡು ಹೋದರು.

ಹೊನ್ನಾಳಿ ಪೇಟೆಯಲ್ಲಿ ಸ್ವಂತ ಷಾಪು ಇಟ್ಟುಕೊಂಡಿದ್ದ ವಯಸ್ಸಾದ ಡಾಕ್ಟರೊಬ್ಬರಿದ್ದರು. ಕುರ್ಚಿಯ ಮೇಲೆ ಕೋಟು ಮಾತ್ರ ಕೂತಿದೆ, ಒಳಗೆ ಯಾರೂ ಇಲ್ಲ ಅನ್ನುವಷ್ಟು ತೆಳ್ಳಗಿನ ಮನುಷ್ಯ. ಅವರು ಪ್ರಶ್ನೆಗಳನ್ನೆಲ್ಲ ಅಪ್ಪನಿಗೆ ಕೇಳಿದರು, ಉತ್ತರಗಳನ್ನೆಲ್ಲ ನಾನು ಕೊಟ್ಟೆ. ಕೊನೆಗೆ ಅವರು ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿಕೊಂಡರು. ಬ್ರೋಮೈಡ್ ಮಿಕ್ಸ್ಚರ್ ಎಂಬ ಔಷಧಿ ಬರೆದರು. ದಿನಕ್ಕೆ ಮೂರು ಹೊತ್ತು, ಊಟವಾದ ಮೇಲೆ, ನೀರಿನಲ್ಲಿ ಬೆರೆಸಿ. ನಿದ್ದೆ ಬರುತ್ತದೆ, ಮುಖದ ಮೇಲೆ ಗುಳ್ಳೆ ಏಳಬಹುದು, ಹೆದರಬೇಡ. ಆದರೆ ನಿನ್ನಷ್ಟಕ್ಕೆ ನೀನೇ ಒಂದು ದಿನ ನಿಲ್ಲಿಸಿಬಿಟ್ಟರೆ ಮೂರ್ಛೆ ಮೊದಲಿಗಿಂತ ಜೋರಾಗಿ ಬರುತ್ತದೆ ಎಂದು ಎರಡೆರಡು ಸಲ ಹೇಳಿದರು. ದಿನವೂ ಏನೇನಾಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಂತೆ. ಅಪ್ಪ ತಾವೇ ಬರೆಯುವುದಾಗಿ ಅಂದರು.

"ಬೇಡ ಮೇಷ್ಟ್ರೇ, ಅವಳೇ ಬರೀಲಿ. ಬೀಳೋಳು ಅವಳು."

ಆ ಮಾತಿಗಾಗಿ ನಾನು ಅವರ ಔಷಧಿ ಕುಡಿಯಲು ಒಪ್ಪಿದೆ. ಇಲ್ಲದಿದ್ದರೆ ಅದು ಕುಡಿಯುವಂಥ ವಸ್ತುವಲ್ಲ. ಸೀಸೆಯ ಹೊಟ್ಟೆಗೆ ಗರಗಸದಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಒಂದು ಹಲ್ಲು ಇಳಿದರೆ ಒಂದು ಹೊತ್ತಿನ ಔಷಧಿ. ರುಚಿಯೋ, ಉಪ್ಪುಪ್ಪು, ಕಹಿಕಹಿ, ಹಳೆಯ ಉಪ್ಪಿನಕಾಯಿ ಜಾಡಿ ತೊಳೆದ ನೀರಿಗೆ ಬೇವಿನೆಲೆ ಹಿಂಡಿದಂತೆ. ಮೊದಲ ಗುಟುಕಿಗೆ ನಾನು ಮಾಡಿದ ಮುಖ ನೋಡಿ ಹಿತ್ತಲಿನ ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ.

ಡಾಕ್ಟರು ಹೇಳಿದ್ದೆಲ್ಲ ಬಂತು. ಹಣೆಯ ಮೇಲೆ ರಾಗಿ ಬಿತ್ತಿದ ಹಾಗೆ ಗುಳ್ಳೆ ಎದ್ದವು. ಹುಡುಗರು ಎಣಿಸತೊಡಗಿದರು. ನಾನು ಒಂದು ಕಾಗದದ ಮೇಲೆ ದಿನದ ಸಂಖ್ಯೆ ಬರೆದು ಬೆಳಿಗ್ಗೆಯೇ ಬೆಂಚಿನ ಮೇಲಿಟ್ಟೆ, ಅವರಿಗೆ ಶ್ರಮವಾಗಬಾರದೆಂದು. ಎರಡನೇ ದಿನಕ್ಕೆ ಎಣಿಕೆ ನಿಂತಿತು. ನಿದ್ದೆಗೆ ಮಾತ್ರ ಆ ಉಪಾಯ ನಡೆಯಲಿಲ್ಲ. ಚರಿತ್ರೆಯ ಪಾಠದಲ್ಲಿ ರಾಜ ಪಟ್ಟಕ್ಕೆ ಬರುವಾಗ ತೂಕಡಿಸಿದರೆ ನಾನು ಏಳುವಷ್ಟರಲ್ಲಿ ಅವನ ಮೊಮ್ಮಗ ಯುದ್ಧದಲ್ಲಿ ಸತ್ತಿರುತ್ತಿದ್ದ. ಎಲ್ಲವನ್ನೂ ಹೊತ್ತು ಸಮೇತ ಬರೆದಿಟ್ಟೆ. ಮುಂದಿನ ತಿಂಗಳು ಡಾಕ್ಟರು ಅದನ್ನು ನೋಡಿ ಬೆಳಗಿನ ಮತ್ತು ಮಧ್ಯಾಹ್ನದ ಅಳತೆ ತಗ್ಗಿಸಿ ಮಲಗುವ ಹೊತ್ತಿನದನ್ನು ಹೆಚ್ಚಿಸಿದರು. ಮುಖವನ್ನು ದಿನಕ್ಕೆರಡು ಸಲ ಸೀಗೆಪುಡಿಯಲ್ಲಿ ತೊಳೆಯಲು ಹೇಳಿದರು. ನಿದ್ದೆ ಹಗಲಿನಿಂದ ಇರುಳಿಗೆ ವರ್ಗವಾಗಿ ಹೋಯಿತು. ಗುಳ್ಳೆ ಅರ್ಧ ಉಳಿದವು, ಇರಲಿ. ಆರು ತಿಂಗಳು ನಾನು ಒಂದು ಸಲವೂ ಬೀಳಲಿಲ್ಲ.

ಈ ಆರು ತಿಂಗಳೇ ಮುಳುವಾಯಿತು. ಚನ್ನಗಿರಿಯಲ್ಲಿದ್ದ ನನ್ನ ಅಜ್ಜಿ, ಅವ್ವನ ತಾಯಿ, ನಾನು ಬೀಳುತ್ತೇನೆಂದು ಕೇಳಿದ ದಿನವೇ ಅಲ್ಲಿಯ ಊರದೇವತೆ ಅಮ್ಮನಿಗೆ ಹರಕೆ ಹೊತ್ತಿದ್ದಳು. ಮೊಮ್ಮಗಳು ಆರು ತಿಂಗಳು ಬೀಳದೆ ಇದ್ದರೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಅವಳಿಗೆ ಸಪ್ಪೆ ಊಟ ಮಾಡಿಸುತ್ತೇನೆಂದು. ಉಪ್ಪಿನ ಹರಳೊಂದೂ ನಾಲಿಗೆಗೆ ತಾಗಬಾರದು. ಹರಕೆ ಹೊತ್ತವಳು ಅಜ್ಜಿ, ತೀರಿಸಬೇಕಾದದ್ದು ನನ್ನ ನಾಲಿಗೆ. ಲೋಕದಲ್ಲಿ ಹಿರಿಯರು ಹೊರುವ ಹರಕೆಗಳೆಲ್ಲ ಹೀಗೆಯೇ. ಅಜ್ಜಿ ಟ್ರಂಕಿನ ಸಮೇತ ನ್ಯಾಮತಿಗೆ ಬಂದಿಳಿದಳು. ಶಾಲೆಯಿಂದ ಲೋಯರ್ ಸೆಕೆಂಡರಿ ಪರೀಕ್ಷೆಗೆ ಹೆಸರು ಕಳಿಸಲು ಇನ್ನು ಎರಡು ತಿಂಗಳೂ ಇರಲಿಲ್ಲ. ಆ ಪರೀಕ್ಷೆ ಪಾಸಾದರೆ ಮುಂದೆ ಓದು, ಇಲ್ಲದಿದ್ದರೆ ಒಲೆ. ನಮ್ಮ ಮನೆಯಲ್ಲಿ ಇದು ಯಾರೂ ಬಾಯಿ ಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿದ್ದ ವಿಷಯ.

ಔಷಧಿ ಬಿಡಿಸುವ ಮಾತು ಆಗ ಯಾರೂ ಆಡಲಿಲ್ಲ. ಸೀಸೆ ಸೀಸೆಯ ಪಾಡಿಗೆ, ಹರಕೆ ಹರಕೆಯ ಪಾಡಿಗೆ. ಡಾಕ್ಟರನ್ನು ಒಂದು ಮಾತು ಕೇಳೋಣವೆಂದು ಯಾರಿಗೂ ಹೊಳೆಯಲಿಲ್ಲ. ಉಪ್ಪಿನ ವಿಚಾರ ಡಾಕ್ಟರನ್ನೇಕೆ ಕೇಳಬೇಕು, ಅವರೇನು ಅಡಿಗೆಯವರೇ?

ಉಪ್ಪಿಲ್ಲದ ಸಾರೆಂದರೆ ಹೊಸ ನೀರು ಬಂದಾಗಿನ ತುಂಗಭದ್ರೆ: ಬಣ್ಣವುಂಟು, ಓಡಾಟವುಂಟು, ಬಾಯಿಗಿಟ್ಟರೆ ಮಣ್ಣು. ಮೊದಲ ವಾರ ಕನಸಿನಲ್ಲಿ ಚಟ್ನಿ ಬರುತ್ತಿತ್ತು. ಎರಡನೇ ವಾರದ ಹೊತ್ತಿಗೆ ಒಂದು ವಿಚಿತ್ರ ಕಂಡುಕೊಂಡೆ. ಇಡೀ ದಿನದಲ್ಲಿ ನನ್ನ ಬಾಯಿಗೆ ಉಪ್ಪುಪ್ಪಾಗಿ ಸಿಗುತ್ತಿದ್ದದ್ದು ಹೊನ್ನಾಳಿಯ ಔಷಧಿಯೊಂದೇ. ಹಿಂದೆ ಮೂಗು ಹಿಡಿದು ಕುಡಿಯುತ್ತಿದ್ದವಳು ಈಗ ಲೋಟ ನೆಕ್ಕತೊಡಗಿದೆ. ಅಜ್ಜಿಗೆ ಅನುಮಾನ ಬಂತು. ಬೆರಳದ್ದಿ ರುಚಿ ನೋಡಿದಳು, ಕಣ್ಣು ಮುಚ್ಚಿ ಬಹಳ ಹೊತ್ತು ವಿಚಾರಣೆ ನಡೆಸಿ, ಇದು ಉಪ್ಪಲ್ಲ, ಕಹಿ ಎಂದು ತೀರ್ಪು ಕೊಟ್ಟಳು. ಅಮ್ಮನ ಕಡೆಯಿಂದ ಅಪೀಲು ಬರಲಿಲ್ಲ.

ಮೂರನೇ ವಾರ ನಾಲಿಗೆ ದಪ್ಪವಾಯಿತು. ಮಾತು ಬಾಯಿಯಿಂದ ಹೊರಡುವಾಗ ಒಂದು, ಹೊರಗೆ ಬಂದ ಮೇಲೆ ಇನ್ನೊಂದು. ನೆಲ ಒಂದು ಕಡೆ ವಾಲಿದಂತೆ, ನಾನು ಇನ್ನೊಂದು ಕಡೆ ವಾಲಿ ಸರಿಮಾಡುತ್ತಿದ್ದಂತೆ ನಡಿಗೆ. ಗೋಡೆಯ ಮೇಲೆ ಇರುವೆಗಳ ಸಾಲು ಹೋಗುತ್ತಿದೆ ಎಂದರೆ ಯಾರಿಗೂ ಕಾಣದು. ಗುಳ್ಳೆ ಬೆನ್ನಿಗೂ ಇಳಿದವು. ಸುಮ್ಮನೆ ಕೂತಲ್ಲಿ ಅಳು ಬರುತ್ತಿತ್ತು, ಅದನ್ನು ನಾನು ಇಲ್ಲಿ ಹಿಗ್ಗಿಸಿ ಹೇಳಲಾರೆ. ನೋಟ್‌ಬುಕ್ಕಿನ ಸಾಲುಗಳು ಪುಟದ ಮೇಲ್ತುದಿಯಿಂದ ಕೆಳಮೂಲೆಗೆ ಜಾರುಬಂಡೆ ಆಡುತ್ತಿದ್ದವು. ಆದರೂ ಬರೆದೆ.

ಹೆಡ್‌ಮೇಷ್ಟ್ರು ಒಂದು ದಿನ ನದಿಗಳ ಹೆಸರು ಹೇಳಲು ನನ್ನನ್ನು ಎಬ್ಬಿಸಿದರು. ನಾನು ಹೇಳಿದ ನದಿಗಳು ಯಾವ ಭೂಪಟದಲ್ಲಿಯೂ ಇಲ್ಲ. ತರಗತಿ ನಕ್ಕಿತು. ಅವರು ನಗಲಿಲ್ಲ, ಹತ್ತಿರ ಬಂದು ನನ್ನ ಬಾಯಿ ಮೂಸಿ ನೋಡಿದರು. ಪಕ್ಕದ ತರಗತಿಯಿಂದ ಅಪ್ಪನನ್ನು ಕರೆಸಿದರು. ಎಲ್ಲ ಹುಡುಗರೆದುರಿಗೇ ಹೇಳಿದರು.

"ಮೇಷ್ಟ್ರೇ, ಹುಡುಗಿಗೆ ತಲಿ ಸರಿ ಇಲ್ಲ. ಹದಿನೈದು ದಿನ ಮನ್ಯಾಗೆ ಇಟ್ಕಳ್ರಿ. ಆಮ್ಯಾಲೂ ಹಿಂಗೇ ಇದ್ರೆ ಪರೀಕ್ಷೆಗೆ ಹೆಸರು ಕಳ್ಸಾಕೆ ಆಗಲ್ಲ."

ಅಪ್ಪ ನನ್ನ ಪುಸ್ತಕದ ಚೀಲ ಎತ್ತಿಕೊಂಡರು. ಮನೆಯವರೆಗೆ ನನ್ನ ಕೈ ಹಿಡಿದು ನಡೆಸಿಕೊಂಡು ಬಂದರು.

ಮನೆಯಲ್ಲಿ ಎರಡು ದಿನ ಮಲಗಿದೆ. ಮೂರನೇ ದಿನ ಸಿಟ್ಟು ಬಂತು. ಶಾಲೆಯಿಂದ ಹೊರಗೆ ಹಾಕಿದ್ದಾರೆ, ತಲೆ ಸರಿಯಿಲ್ಲ ಅಂದಿದ್ದಾರೆ. ತಲೆ ಸರಿಯಿಲ್ಲದವಳು ಸಪ್ಪೆ ಊಟವನ್ನೇಕೆ ಮರ್ಯಾದೆಯಿಂದ ಉಣ್ಣಬೇಕು? ಹರಕೆ ಶುರುವಾಗಿ ಇಪ್ಪತ್ತೈದು ದಿನ ಕಳೆದಿತ್ತು. ಇಪ್ಪತ್ತಾರನೇ ದಿನ ಅಜ್ಜಿ ಹಿತ್ತಲಿಗೆ ಹೋದಾಗ ನಾನು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ಉಪ್ಪಿನ ಮಡಕೆಗೆ ಕೈ ಹಾಕಿದೆ. ಹರಳುಪ್ಪನ್ನು ಲಂಗದ ಅಂಚಿನಲ್ಲಿ ಕಟ್ಟಿಕೊಂಡು ಬಂದು, ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿ, ಹುಣಸೆಹಣ್ಣಿನ ಜೊತೆ ಚೀಪಿದೆ. ಆ ಸುಖವನ್ನು ವರ್ಣಿಸಲು ನನಗಿಂತ ದೊಡ್ಡ ಸುಳ್ಳುಗಾರರು ಬೇಕು. ಆಮೇಲೆ ದಿನವೂ ಅದೇ ಕೆಲಸ. ದಿನವೂ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದೆ. ಕದಿಯುವುದು ಬೇರೆ, ಬರವಣಿಗೆಯಲ್ಲಿ ಮೋಸ ಮಾಡುವುದು ಬೇರೆ.

ಒಂದು ವಾರ ಕಳೆಯುವಷ್ಟರಲ್ಲಿ ಗೋಡೆಯ ಇರುವೆಗಳು ಊರು ಬಿಟ್ಟವು. ಹತ್ತನೇ ದಿನಕ್ಕೆ ನಾಲಿಗೆ ತೆಳ್ಳಗಾಯಿತು. ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ನಿಂತು ನದಿಗಳ ಹೆಸರು ಹೇಳಿದೆ. ಒಂದೂ ತಪ್ಪಲಿಲ್ಲ. ಎಮ್ಮೆ ತಲೆದೂಗಿತು, ನೊಣಕ್ಕಾಗಿ ಇದ್ದರೂ ಇರಲಿ.

ಇದನ್ನು ಬಾಗಿಲಲ್ಲಿ ನಿಂತು ಅಜ್ಜಿ ನೋಡಿದಳು. ಅವಳ ಸಂತೋಷಕ್ಕೆ ಮನೆಯ ಹಂಚು ಹಾರಲಿಲ್ಲ, ಅಷ್ಟೆ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಸಾರಿದಳು. ಅಮ್ಮ ಕಣ್ಣು ಬಿಟ್ಟಿದ್ದಾಳೆ. ಕೆಡಿಸಿದ್ದು ಔಷಧಿ, ಉಳಿಸಿದ್ದು ಹರಕೆ. ಇನ್ನೂ ಸೀಸೆ ಇಟ್ಟುಕೊಂಡರೆ ಅಮ್ಮನಿಗೆ ಅವಮಾನ. ಆದ್ದರಿಂದ ನಾಳೆಯೇ ಅದನ್ನು ಹೊಳೆಗೆ ಬಿಟ್ಟು, ಈ ಮಂಡಲ ಮುಗಿದ ಮೇಲೆ ಇನ್ನೊಂದು ಮಂಡಲ ಸಪ್ಪೆ ಊಟ. ಅವ್ವ ಸೆರಗನ್ನು ಕಣ್ಣಿಗೊತ್ತಿಕೊಂಡಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪನೂ ತಲೆಯಾಡಿಸಿದರು. ಅವರದೂ ತಪ್ಪಲ್ಲ. ಮೂರು ವಾರ ಮಗಳು ಕಣ್ಣೆದುರಿಗೆ ಕುಡುಕರ ಹಾಗೆ ತೂರಾಡಿದ್ದಳು, ಈಗ ನೆಟ್ಟಗೆ ಕೂತಿದ್ದಳು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಹರಕೆ ಮುರಿದದ್ದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ದೇವರ ದಯೆಯಿಂದ ಗುಣವಾದ ಹುಡುಗಿಯೆಂದು ಚನ್ನಗಿರಿಯಲ್ಲೆಲ್ಲ ಹೆಸರು. ನನ್ನಂಥವಳಿಗೆ ಅದು ಸಣ್ಣ ಆಸೆಯಲ್ಲ. ಆದರೆ ನಾಳೆ ಸೀಸೆ ಹೊಳೆಗೆ ಹೋದರೆ ನಾಳಿದ್ದೋ ಆಚೆ ನಾಳಿದ್ದೋ ನಾನು ಬೀಳುತ್ತೇನೆ, ಮೊದಲಿಗಿಂತ ಜೋರಾಗಿ, ಹೆಡ್‌ಮೇಷ್ಟ್ರು ಪಟ್ಟಿ ಕಳಿಸುವ ವಾರದಲ್ಲಿಯೇ. ನೋಟ್‌ಬುಕ್ಕು ತಂದು ಎಲ್ಲರ ಮುಂದಿಟ್ಟೆ.

"ಅಜ್ಜಿ, ಹರಕೆ ಮುರಿದು ಹನ್ನೊಂದು ದಿನ ಆತು. ನಾನು ಉಪ್ಪು ತಿಂತಿದೀನಿ."

ಅಜ್ಜಿಯ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲಿಯೇ ಉಳಿಯಿತು.

"ಎಷ್ಟು?"

"ದಿನಾ ಒಂದು ಹಿಡಿ."

ಹಿಡಿಯಲ್ಲ, ನಾಲ್ಕೈದು ಹರಳು. ಆದರೆ ತಪ್ಪೊಪ್ಪಿಕೊಳ್ಳುವಾಗ ಜಿಪುಣತನ ಮಾಡಬಾರದು. ಅವ್ವ ಸೌಟೆತ್ತಿಕೊಂಡಳು. ಅಪ್ಪ ಕೈಯಡ್ಡ ಹಿಡಿದು, ಎಡಗೈಯಲ್ಲಿಯೇ ನೋಟ್‌ಬುಕ್ಕಿನ ಹಾಳೆ ತಿರುಗಿಸತೊಡಗಿದರು, ಉತ್ತರಪತ್ರಿಕೆ ತಿದ್ದುವ ಮುಖ ಮಾಡಿಕೊಂಡು. ಉಪ್ಪು ತಿಂದ ತಿಂಗಳುಗಳ ಅಕ್ಷರ ನೆಟ್ಟಗೆ. ಸಪ್ಪೆ ದಿನಗಳ ಅಕ್ಷರ ಜಾರುತ್ತ ಜಾರುತ್ತ ಮೂಲೆಗೆ. ಕದ್ದ ದಿನಗಳಲ್ಲಿ ಮತ್ತೆ ಮೇಲಕ್ಕೆ. ಔಷಧಿ ಮಾತ್ರ ಮೂರೂ ಕಡೆ ಅದೇ, ಅಷ್ಟೇ. ಅಪ್ಪ ಎದ್ದು ಕೈ ತೊಳೆದುಕೊಂಡು ಬಂದು, ನಾಳೆ ಹೊಳೆಗೆ ಅಲ್ಲ, ಹೊನ್ನಾಳಿಗೆ ಹೋಗುವುದು ಅಂದರು. ತಾನೂ ಬರುತ್ತೇನೆಂದು ಅಜ್ಜಿ ಅಂದಳು. ಅದು ನನ್ನ ಮೇಲಿನ ಪ್ರೀತಿಗಲ್ಲ, ಡಾಕ್ಟರ ಜೊತೆ ಜಗಳಕ್ಕೆ.

ಯುದ್ಧದ ಕಾಲ, ಪೆಟ್ರೋಲು ಸಿಗದು. ನಮ್ಮ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ದೊಡ್ಡ ಮಾತು. ನಮ್ಮ ಹಿಂದೆ ಬರುತ್ತಿದ್ದ ಕತ್ತೆಯೊಂದು ಬೇಸತ್ತು ಮುಂದೆ ಹೋಯಿತು. ಹೊನ್ನಾಳಿ ಮುಟ್ಟುವಷ್ಟರಲ್ಲಿ ನಾವು ಮೂವರೂ ಒಲೆಯಿಂದ ಎದ್ದು ಬಂದವರಂತಿದ್ದೆವು.

ಡಾಕ್ಟರು ನೋಟ್‌ಬುಕ್ಕನ್ನು ಓದಿದರು. ಸಪ್ಪೆ ಎಂದರೆ ಎಷ್ಟು ಸಪ್ಪೆ, ಒಂದು ಹರಳೂ ಇಲ್ಲವೇ, ಎಷ್ಟು ದಿನ ಎಂದು ಕೇಳಿದರು. ಅಜ್ಜಿ ಹೆಮ್ಮೆಯಿಂದ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆಮೇಲೆ ನಿಧಾನವಾಗಿ ತಿಳಿಸಿದರು. ಈ ಔಷಧಿಯೂ ಉಪ್ಪೂ ಮೈಯೊಳಗೆ ಒಂದೇ ಬೆಂಚಿನ ಮೇಲೆ ಕೂರುವ ಮಕ್ಕಳಿದ್ದಂತೆ. ಊಟದ ಉಪ್ಪು ಬಂದು ಕೂತ ಹಾಗೆಲ್ಲ ಹಳೆಯ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಮೂತ್ರದಲ್ಲಿ ಹೊರಗೆ ತಳ್ಳುತ್ತಿರುತ್ತದೆ. ಉಪ್ಪು ಬರುವುದೇ ನಿಂತರೆ ಔಷಧಿ ಏಳುವುದಿಲ್ಲ. ದಿನದ ಮೂರು ಹೊತ್ತಿನದು ಅದರ ಮೇಲೆ ಬಂದು ಬಂದು ಕೂತು, ವಿಷದ ಮಟ್ಟಕ್ಕೆ ಏರುತ್ತದೆ. ನನಗಾದದ್ದು ಅದೇ. ಹಾಗೆಂದು ಹಿಡಿ ಹಿಡಿ ಉಪ್ಪು ತಿಂದರೂ ಕೇಡು, ಔಷಧಿಯೆಲ್ಲ ಹೊರಗೆ ಹೋಗಿ ಮತ್ತೆ ಬೀಳುತ್ತೇನೆ. ಆಗ ನಾನು ಹಿಡಿಯ ಲೆಕ್ಕವನ್ನು ಹರಳಿಗೆ ಇಳಿಸಬೇಕಾಯಿತು. ಮನೆಯವರೆಲ್ಲ ಉಣ್ಣುವ ಉಪ್ಪನ್ನೇ ದಿನವೂ ಒಂದೇ ಸಮನಾಗಿ ಉಣ್ಣಬೇಕು, ನೀರು ಚೆನ್ನಾಗಿ ಕುಡಿಯಬೇಕು. ಎರಡು ವಾರ ಔಷಧಿ ಅರ್ಧ, ಆಮೇಲೆ ನೋಟ್‌ಬುಕ್ಕು ನೋಡಿ ಮುಂದಿನ ಮಾತು.

"ನಾನು ಮೊದಲೇ ಊಟದ ವಿಷಯ ಕೇಳಬೇಕಿತ್ತು ತಾಯಿ, ಕೇಳಲಿಲ್ಲ," ಎಂದು ಅಜ್ಜಿಗೆ ಹೇಳಿದರು. ಜಗಳಕ್ಕೆಂದು ಬಂದವಳಿಗೆ ಎದುರಾಳಿ ಮೊದಲೇ ಕೈಮುಗಿದರೆ ಏನು ಮಾಡಬೇಕು? ಆದರೂ ಸೋಲಲಿಲ್ಲ.

"ಹಂಗಾರೆ ಔಷಧಿ ಬಿಡ್ಸಿಬಿಡ್ರಿ. ಆಡಿದ ಮಾತು ಬಿಡಾಕೆ ಬರಲ್ಲ ನಂಗೆ. ಅಮ್ಮಗೆ ಏನು ಹೇಳ್ಲಿ?"

ಡಾಕ್ಟರು ಬಾಯಿ ತೆರೆಯುವ ಮೊದಲು ನಾನು ತೆರೆದೆ.

"ಔಷಧಿ ಬಿಡಲ್ಲ, ಉಪ್ಪೂ ಬಿಡಲ್ಲ. ಬೀಳೋಳು ನಾನು, ನೀನಲ್ಲ. ಅಮ್ಮಗೆ ಸಿಟ್ಟು ಬಂದ್ರೆ ನನ್ನ ಹೆಸರು ಹೇಳು, ನಾನೇ ಚನ್ನಗಿರಿಗೆ ಬಂದು ನಿಂತ್ಕಂತೀನಿ."

ಅಜ್ಜಿಗೆ ಹಾಗೆ ಎದುರು ಮಾತಾಡಿದವರು ನಮ್ಮ ವಂಶದಲ್ಲಿ ಯಾರೂ ಇರಲಿಲ್ಲ. ಅಪ್ಪ ಔಷಧಿಯ ಕಪಾಟಿನ ಕಡೆ ತಿರುಗಿಕೊಂಡು ಸೀಸೆಗಳ ಚೀಟಿ ಓದತೊಡಗಿದರು. ಅಜ್ಜಿ ಸೆರಗು ಹೊದ್ದುಕೊಂಡು ಎದ್ದಳು. ವಾಪಸು ಬರುವಾಗ ಗೋವಿನಕೋವಿಯ ಹತ್ತಿರ ಬಸ್ಸು ನಿಂತು, ಇದ್ದಿಲು ಕೆದಕಿ, ಎಲ್ಲರೂ ಇಳಿದು ನೂಕಿ, ಮತ್ತೆ ಹತ್ತಿ ಕೂತ ಮೇಲೆ ಅವಳು ಕಿಟಕಿಯ ಕಡೆಯೇ ನೋಡುತ್ತ ಕೇಳಿದಳು.

"ಎಷ್ಟು ದಿನ ಉಳಿದೈತೆ?"

"ಕದ್ದಿದ್ದೂ ಸೇರಿದ್ರೆ ಇಪ್ಪತ್ಮೂರು."

"ನಾನು ಉಣ್ತೀನಿ ಬಿಡು. ಹರಕೆ ಹೊತ್ತೋಳು ನಾನೇ."

ಮಾರನೇ ದಿನದಿಂದ ಅವಳ ತಟ್ಟೆಗೆ ಸಪ್ಪೆ ಸಾರು ಬಿತ್ತು. ಮೂರನೇ ತುತ್ತಿಗೆ ಅವಳು ನನ್ನ ಕಡೆ ನೋಡಿದ ನೋಟದಲ್ಲಿ ಇಪ್ಪತ್ತೈದು ದಿನ ಇದನ್ನು ಹೇಗೆ ಉಂಡೆ ಎಂಬ ಪ್ರಶ್ನೆಯಿತ್ತು. ನಾನು ಇನ್ನೊಂದು ಹೋಳು ಉಪ್ಪಿನಕಾಯಿ ನೆಂಚಿಕೊಂಡೆ. ಅವಳ ಕಣ್ಣೆದುರು ಬೇಡ ಅನ್ನುವಷ್ಟು ಪುಣ್ಯವಂತೆ ನಾನಲ್ಲ.

ಹದಿನೈದು ದಿನದ ಗಡುವು ಮುಗಿದ ಬೆಳಿಗ್ಗೆ ಡಾಕ್ಟರ ಚೀಟಿ ಹಿಡಿದು ಹೆಡ್‌ಮೇಷ್ಟ್ರ ಕೋಣೆಗೆ ಹೋದೆ. ಅಪ್ಪ ಜೊತೆಗೆ ಬರುತ್ತೇನೆಂದರು, ನಾನು ಬೇಡ ಅಂದೆ. ಪಟ್ಟಿ ಬರೆದು ಮುಗಿದು ಮೇಜಿನ ಮೇಲೆ ಒಣಗುತ್ತಿತ್ತು, ನನ್ನ ಹೆಸರಿಲ್ಲ. ಅವರು ಚೀಟಿ ಓದಿದರು. ಭೂಗೋಳ ಕೇಳಿದರು, ಹೇಳಿದೆ. ವ್ಯಾಕರಣ ಕೇಳಿದರು, ಅದನ್ನೂ ಹೇಳಿದೆ. ಕೇಳದೆ ಇದ್ದ ಎರಡು ಪದ್ಯವನ್ನೂ ಹೇಳಿದೆ, ನಿಲ್ಲಿಸು ಅನ್ನುವವರೆಗೆ. ಕೊನೆಗೆ ಅವರು ಒಂದು ಷರತ್ತು ಹಾಕಿದರು. ಪರೀಕ್ಷೆ ಮುಗಿಯುವ ತನಕ ಔಷಧಿ ನಿಲ್ಲಿಸಬೇಕು. ನಿದ್ದೆ ಬರಿಸುವ ವಸ್ತು ಕುಡಿದು ಬಂದವಳನ್ನು ಶಾಲೆಯ ಹೆಸರಿನಲ್ಲಿ ಕಳಿಸಲಾಗದು.

ನಿಲ್ಲಿಸುವುದಿಲ್ಲ ಅಂದೆ. ಇಷ್ಟು ದಿನ ಶಾಲೆಯ ಹಿತ್ತಲಿಗೆ ಹೋಗಿ ಮರೆಯಲ್ಲಿ ಕುಡಿಯುತ್ತಿದ್ದ ಮಧ್ಯಾಹ್ನದ ಔಷಧಿಯನ್ನು ಇನ್ನು ಮುಂದೆ ಬೆಂಚಿನಲ್ಲಿಯೇ ಕೂತು ಕುಡಿಯುತ್ತೇನೆ ಎಂದೂ ಅಂದೆ. ಅವರು ನನ್ನ ಹಣೆಯ ಗುಳ್ಳೆಗಳನ್ನು ನೋಡಿದರು.

"ಅಲ್ಲಿ ಪರೀಕ್ಷೆ ಬರಿಯೋವಾಗ ಬಿದ್ರೆ?"

"ಬಿದ್ರೆ ಐದು ನಿಮಿಷದಾಗೆ ಏಳ್ತೀನಿ ಸಾರ್. ಅಷ್ಟರಾಗೆ ನನ್ನ ಪೇಪರ್ ಕಿತ್ಕಣಬ್ಯಾಡ್ರಿ ಅಂತ ಹೇಳಿ ಕಳ್ಸ್ರಿ."

ಅವರು ಲೇಖನಿಯನ್ನು ದೌತಿಯಲ್ಲಿ ಅದ್ದಿದರು. ಅದ್ದಿ, ದೌತಿಯನ್ನು ನನ್ನಿಂದ ಎರಡು ಗೇಣು ದೂರ ಸರಿಸಿಟ್ಟು, ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಬರೆದರು.

ಪರೀಕ್ಷೆಗೆ ಕೂತೆ. ಸೀಸೆಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡೆ. ಐದು ದಿನವೂ ಬೀಳಲಿಲ್ಲ. ಅಂಕಗಣಿತದ ದಿನ ಮಾತ್ರ ನಡುವೆ ಹತ್ತು ನಿಮಿಷ ನಿದ್ದೆ ಹೋದದ್ದು ನಿಜ. ಕಾವಲಿಗಿದ್ದ ಮೇಷ್ಟ್ರು ಬಂದು ಭುಜ ಮುಟ್ಟಿ ಎಬ್ಬಿಸಿ, ಪಾಪ, ಔಷಧಿ ಇರಬೇಕು ಎಂದು ಕನಿಕರದಿಂದ ಹತ್ತು ನಿಮಿಷ ಹೆಚ್ಚು ಕೊಟ್ಟರು. ಅದು ಔಷಧಿಯದಲ್ಲ, ಭಿನ್ನರಾಶಿಯದು. ನಾನು ತಿದ್ದಲು ಹೋಗಲಿಲ್ಲ.